ಕಲ್ಲುತೋಟದ ಗಿಡ್ಡ ಜೆರೇನಿಯಂ: ಚಳಿಗೆ ಸಾಯದವು ಮತ್ತೆ ಯಾವುದಕ್ಕೆ ಸಾಯುತ್ತಿವೆ?

ಕಲ್ಲುಸಂದಿ:

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ಮನೆಯ ಹಿಂದಿನ ಇಳಿಜಾರಿನಲ್ಲಿ ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕಲ್ಲುತೋಟ ಕಟ್ಟಿದೆ. ಕಲ್ಲು ಆರಿಸುವುದಕ್ಕೆ ಒಂದು ತಿಂಗಳು, ಹೊತ್ತು ಜೋಡಿಸುವುದಕ್ಕೆ ಹತ್ತು ದಿನ, ಸೊಂಟ ಸರಿಹೋಗುವುದಕ್ಕೆ ಇನ್ನೆರಡು ವಾರ ಹಿಡಿಯಿತು. ಮಣ್ಣಿಗೆ ಕೊಟ್ಟ ಸಮಯ ಮಾತ್ರ ಒಂದೇ ಒಂದು ಸಂಜೆ. ಅಲ್ಲೇ ಎಡವಿದ್ದೇನೆಂಬ ಗುಮಾನಿ ನನಗಿದೆ. ಆದರೂ ಬಲ್ಲವರ ಬಾಯಿಂದ ಕೇಳೋಣವೆಂದು ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದದ್ದು ಗಿಡ್ಡ ಜೆರೇನಿಯಂ. ಗೇಣುದ್ದಕ್ಕಿಂತ ಮೇಲೇಳದೆ ಕಲ್ಲಿಗೆ ಒರಗಿಕೊಂಡು ಹರಡುವಂಥವು. ಮೊದಲ ಸಲ ‘ಜೆರೇನಿಯಂ’ ಎಂಬ ಚೀಟಿ ನೋಡಿ ತಂದ ಗಿಡ, ಮೊದಲ ಹಿಮ ಬಿದ್ದ ಬೆಳಿಗ್ಗೆಯೇ ಒದ್ದೆ ಬಟ್ಟೆಯ ಹಾಗೆ ಕಲ್ಲಿನ ಮೇಲೆ ಜೋತುಬಿದ್ದಿತ್ತು. ಅದು ನಿಜವಾದ ಜೆರೇನಿಯಂ ಅಲ್ಲ, ಅದೇ ಹೆಸರಿನಲ್ಲಿ ಮಾರುವ ಪೆಲಾರ್ಗೋನಿಯಂ ಎಂಬ ಬೇರೆ ಗಿಡ ಎಂದು ತಿಳಿದದ್ದು ಆಮೇಲೆ.

ಎರಡನೆಯ ಸಲ ಪೂರ್ತಿ ಹೆಸರು ಬರೆದುಕೊಂಡು ಹೋದೆ. ತಂದದ್ದು ಮೂರು ಬಗೆಯ ಜೆರೇನಿಯಂ: ‘ಬ್ಯಾಲೆರಿನಾ’ ಮೂರು, ಡಾಲ್ಮಾಟಿಕಂ ಒಂದು, ಸಾಂಗ್ವಿನಿಯಂ ಒಂದು. ಬ್ಯಾಲೆರಿನಾ ಹೂವನ್ನು ಹತ್ತಿರದಿಂದ ನೋಡಿದವರಿಗೆ ನಾನು ವರ್ಣಿಸಬೇಕಾಗಿಲ್ಲ. ಮಸುಕು ನೇರಳೆ ಬೆರೆತ ಗುಲಾಬಿ ದಳ, ಅದರ ಮೇಲೆ ಯಾರೋ ಸಣ್ಣ ನಿಬ್ಬಿನಿಂದ ಕೆಂಪು ಶಾಯಿಯಲ್ಲಿ ಎಳೆದಂಥ ನರಗಳು, ನಡುವೆ ಕಡು ಬಣ್ಣದ ಕಣ್ಣು. ಮೊದಲ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಅದರ ಮುಂದೆ ಮಂಡಿಯೂರಿ ಕೂರುತ್ತಿದ್ದೆ. ಸಂತೋಷ ತಡೆಯಲಾರದೆ ಪ್ರತಿ ಹಿಂಗಾರಿನಲ್ಲೂ ಮೂರಕ್ಕೂ ಒಂದೊಂದು ಬೊಗಸೆ ಕಾಂಪೋಸ್ಟ್ ಬುಡಕ್ಕೆ ಹಾಕಿದೆ.

ಮೂರನೆಯ ವಸಂತಕ್ಕೆ ಎರಡು ಬ್ಯಾಲೆರಿನಾ ಸತ್ತಿದ್ದವು. ತಾಪಮಾಪಕವನ್ನು ಕಲ್ಲಿನ ಪಕ್ಕದಲ್ಲೇ ಇಟ್ಟಿದ್ದೆ. ಮೈನಸ್ 9 ಡಿಗ್ರಿಗಿಂತ ಕೆಳಗೆ ಒಮ್ಮೆಯೂ ಇಳಿದಿಲ್ಲ. ಅಷ್ಟು ಚಳಿಗೆ ಈ ಗಿಡ ಹೆದರುವುದಿಲ್ಲ ಎಂದೇ ಎಲ್ಲ ಕಡೆ ಓದಿದ್ದೇನೆ. ಡಾಲ್ಮಾಟಿಕಂ ಬದುಕಿದೆ, ಎಲೆ ಹೊಳೆಯುತ್ತದೆ, ಆದರೆ ಹೂವು ಬೆರಳೆಣಿಕೆಯಷ್ಟು. ಇನ್ನು ಸಾಂಗ್ವಿನಿಯಂ! ಅದಕ್ಕೆ ಏನೂ ಆಗಿಲ್ಲ. ಮೊಣಕಾಲೆತ್ತರ ಬೆಳೆದು, ಕಲ್ಲಿನ ಸಂದಿಯಲ್ಲೆಲ್ಲ ತೂರಿ, ಅಕ್ಕಪಕ್ಕದವರ ಮೇಲೆ ಕಾಲು ಚಾಚಿ ಮಲಗಿದೆ. ಬೇಕಾದವು ಸತ್ತು, ಬೇಡವಾದದ್ದು ಮನೆಯ ಯಜಮಾನನಾಗಿದೆ. ಎಲ್ಲಿ ತಪ್ಪಿದೆ? ಖಾಲಿಯಾದ ಜಾಗಕ್ಕೆ ಮತ್ತೆ ಏನು ನೆಡಲಿ?

ಹಳೆಗುದ್ದಲಿ:

ನಿಮ್ಮ ಬೊಗಸೆಯೇ ಮೊದಲ ಆರೋಪಿ. ಆದರೆ ಶವಪರೀಕ್ಷೆ ಆಗದೆ ತೀರ್ಪು ಕೊಡುವುದಿಲ್ಲ. ಸತ್ತ ಗಿಡಗಳನ್ನು ಕಿತ್ತಿದ್ದೀರಾ, ಹಾಗೆಯೇ ಬಿಟ್ಟಿದ್ದೀರಾ? ಕಿತ್ತಾಗ ಅದು ಹೇಗೆ ಕೈಗೆ ಬಂತು ಎಂಬುದರಲ್ಲಿ ಅರ್ಧ ಉತ್ತರವಿದೆ. ಬುಡ ಮೆತ್ತಗಾಗಿ, ಕಪ್ಪಾಗಿ, ಹಿಸುಕಿದರೆ ನೀರು ಬರುವಂತಿದ್ದರೆ ಅದು ಕೊಳೆ. ಬುಡ ಒಣಗಿ ಗಟ್ಟಿಯಾಗಿದ್ದು, ಕೆಳಗೆ ಬೇರೇ ಇಲ್ಲದೆ ಅಂಗಿಯ ಗುಂಡಿಯ ಹಾಗೆ ಸಲೀಸಾಗಿ ಕೈಗೆ ಬಂದರೆ ಕಥೆ ಬೇರೆ. ನೋಡಿ ಹೇಳಿ.

ಅಲ್ಲಿಯವರೆಗೆ ಒಂದು ಮಾತು. ಬ್ಯಾಲೆರಿನಾ ಹುಟ್ಟಿದ್ದು ಸಿನೆರಿಯಂ ಮತ್ತು ಸಬ್‌ಕಾಲೆಸೆನ್ಸ್ ಎಂಬ ಎರಡು ಬೆಟ್ಟದ ಜಾತಿಗಳ ಬೆರಕೆಯಿಂದ. ಸಿನೆರಿಯಂ ಪಿರನೀಸ್ ಪರ್ವತದ್ದು, ಸಬ್‌ಕಾಲೆಸೆನ್ಸ್ ಬಾಲ್ಕನ್ ಮತ್ತು ಟರ್ಕಿಯ ಬೆಟ್ಟಗಳದ್ದು. ಎರಡೂ ಬೆಳೆಯುವುದು ಬಂಡೆಯ ಬಿರುಕಿನಲ್ಲಿ, ಉದುರಿದ ಕಲ್ಲುಚೂರುಗಳ ನಡುವೆ. ಅಲ್ಲಿ ಚಳಿಗಾಲವೆಂದರೆ ಹಿಮದ ಹೊದಿಕೆ. ಅದರಡಿಯಲ್ಲಿ ಗಿಡ ಬೆಚ್ಚಗಲ್ಲದಿದ್ದರೂ ಒಣಗಿರುತ್ತದೆ. ನಮ್ಮ ತೋಟಗಳಲ್ಲಿ ಚಳಿಗಾಲವೆಂದರೆ ಒಂದು ದಿನ ಮಳೆ, ಒಂದು ರಾತ್ರಿ ಹೆಪ್ಪು, ಮತ್ತೆ ಮಳೆ. ಎಲೆಗುಚ್ಛ ಮಣ್ಣಿಗೆ ತಾಗುವ ಬುಡದ ಕುತ್ತಿಗೆಯ ಸುತ್ತ ನೀವು ಕಾಂಪೋಸ್ಟ್ ಹೊದಿಸಿದಿರಿ. ಅದು ಇಡೀ ಚಳಿಗಾಲ ನೀರು ಕುಡಿದು ಕೂತಿತು. ಮೈನಸ್ 9 ಅಲ್ಲ, ಆ ಒದ್ದೆ ಕತ್ತುಪಟ್ಟಿ.

ಬೀಜಪೆಟ್ಟಿಗೆ:

ಹೆಸರಿನ ಗೊಂದಲಕ್ಕೆ ಅಂಗಡಿಯವರನ್ನು ಪೂರ್ತಿ ಬೈಯಬೇಡಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಎರಡನ್ನೂ ಜೆರೇನಿಯಂ ಎಂದೇ ಕರೆದಿದ್ದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಪೆಲಾರ್ಗೋನಿಯಂ ಅನ್ನು ಬೇರೆ ಮಾಡಿದ. ಸಸ್ಯವಿಜ್ಞಾನಿಗಳು ಒಪ್ಪಿಕೊಂಡರು, ತೋಟದವರ ನಾಲಿಗೆ ಒಪ್ಪಲಿಲ್ಲ. ಗ್ರೀಕ್ ಭಾಷೆಯಲ್ಲಿ ಗೆರಾನೋಸ್ ಎಂದರೆ ಕ್ರೌಂಚ, ಪೆಲಾರ್ಗೋಸ್ ಎಂದರೆ ಕೊಕ್ಕರೆ. ಎರಡರ ಕಾಯಿಯೂ ಹಕ್ಕಿಯ ಕೊಕ್ಕಿನಂತಿರುವುದರಿಂದ ಬಂದ ಹೆಸರುಗಳು. ಕನ್ನಡದಲ್ಲಿ ನಾವು ಆ ಎರಡು ಹಕ್ಕಿಗಳನ್ನೂ ಕೊಕ್ಕರೆ ಎಂದುಬಿಡುವುದರಿಂದ ನಮಗೆ ಗೊಂದಲ ಡಬಲ್.

ಹೂವು ಬಿಟ್ಟಿರುವಾಗ ಗುರುತಿಸುವುದು ಸುಲಭ. ಜೆರೇನಿಯಂನ ಐದು ದಳವೂ ಒಂದೇ ಅಳತೆ, ಯಾವ ಕಡೆಯಿಂದ ನೋಡಿದರೂ ಒಂದೇ ಮುಖ. ಪೆಲಾರ್ಗೋನಿಯಂನಲ್ಲಿ ಸಾಮಾನ್ಯವಾಗಿ ಮೇಲಿನ ಎರಡು ದಳದ ಲೆಕ್ಕವೇ ಬೇರೆ, ಕೆಳಗಿನ ಮೂರರದ್ದೇ ಬೇರೆ. ಅವುಗಳಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದವು, ಹಿಮ ತಡೆಯುವುದಿಲ್ಲ. ತೋಟದ ಬಹುದಳದ ತಳಿಗಳಲ್ಲಿ ಈ ಪರೀಕ್ಷೆ ನಡೆಯದು, ಅದೊಂದು ನೆನಪಿರಲಿ.

ಕಲ್ಲುಸಂದಿ:

ಹಳೆಗುದ್ದಲಿಯವರೇ, ಮಳೆ ನಿಂತ ಮೇಲೆ ಎರಡನ್ನೂ ಅಗೆದೆ. ನೀವು ಕೇಳಿದ ಪ್ರಶ್ನೆಗೆ ಎರಡು ಗಿಡ ಎರಡು ಉತ್ತರ ಕೊಟ್ಟವು.

ಕೆಳಗಿನದು ಇಳಿಜಾರಿನ ಬುಡದಲ್ಲಿತ್ತು. ನೀವು ಹೇಳಿದಂತೆಯೇ ಕಪ್ಪು, ಮೆತ್ತಗೆ, ಮುಗ್ಗಲು ವಾಸನೆ. ಅದಕ್ಕಿಂತ ಬೆಚ್ಚಿಬೀಳಿಸಿದ್ದು ಬೇರು. ಮೂರು ವರ್ಷವಾದರೂ ತಂದ ಕುಂಡದ ಆಕಾರ ಹಾಗೆಯೇ ಇದೆ! ಕಂದುಬಣ್ಣದ ಪೀಟ್ (ಜೌಗುನೆಲದ ಪಾಚಿ ಕೊಳೆತು ಆದ, ಕುಂಡಕ್ಕೆ ತುಂಬುವ ಮಣ್ಣು) ಉಂಡೆ, ಕುಂಡದ ತಳದ ತೂತುಗಳ ಅಚ್ಚು ಕೂಡ ಅಳಿಸಿಲ್ಲ. ಸುತ್ತಲಿನ ಜಲ್ಲಿಮಣ್ಣು ಕೈಯಲ್ಲಿ ಪುಡಿಯಾಗುತ್ತಿದ್ದರೆ ಆ ಉಂಡೆಯನ್ನು ಹಿಂಡಿದಾಗ ಸ್ಪಂಜಿನಂತೆ ನೀರು ಸೋರಿತು. ಬೇರುಗಳು ಒಳಗೇ ಸುತ್ತಿ ಸುತ್ತಿ ನಿಂತಿವೆ, ಹೊರಗೆ ಕಾಲಿಟ್ಟಿಲ್ಲ.

ಮೇಲಿನದನ್ನು ಹಿಡಿದು ಎಳೆಯಬೇಕಾಗಲೇ ಇಲ್ಲ. ಎರಡು ಬೆರಳಿಗೆ ಬಂತು. ಬುಡದ ಕೆಳಗೆ ಬೇರಿಲ್ಲ, ಪೆನ್ಸಿಲ್ ಚೂಪು ಮಾಡಿದಂತೆ ಕೆತ್ತಿದ ಒಂದು ಮೋಟು ಅಷ್ಟೇ. ಕೆಳಗಿನ ಮಣ್ಣನ್ನು ಕೈಯಲ್ಲಿ ಹರಡಿ ನೋಡಿದರೆ ಕಾಲಿಲ್ಲದ, ಕೆನೆಬಿಳುಪಿನ, ಕಂದು ತಲೆಯ ಏಳು ಹುಳುಗಳು, ಅರ್ಧಚಂದ್ರದಂತೆ ಬಾಗಿ ಮಲಗಿದ್ದವು. ಒಂದೊಂದೂ ಒಂದು ಸೆಂಟಿಮೀಟರ್ ಇರಬಹುದು. ಇವು ಯಾರು?

ಎರೆಹುಳು:

ವೈನ್ ವೀವಿಲ್ ಎಂಬ ಮೂತಿಹುಳುವಿನ ಮರಿಗಳು. ಕಾಲಿಲ್ಲ ಎಂದಿರಲ್ಲ, ಅದೇ ಗುರುತು. ಸಾಮಾನ್ಯ ಗೊಣ್ಣೆಹುಳುವಿಗೆ ಮುಂದೆ ಆರು ಕಾಲಿರುತ್ತವೆ.

ತಾಯಿಹುಳು ಕಪ್ಪಗೆ, ಸುಮಾರು ಒಂಬತ್ತು ಮಿಲಿಮೀಟರ್. ಹಾರಲು ಬಾರದು, ನಡೆದೇ ಬರುತ್ತದೆ. ಗಂಡು ಬೇಕಿಲ್ಲ, ಒಂದೇ ಹೆಣ್ಣು ತಾನಾಗಿ ನೂರಾರು ಮೊಟ್ಟೆ ಇಡಬಲ್ಲದು. ಬೇಸಿಗೆಯಲ್ಲಿ ಮೊಟ್ಟೆ, ಹಿಂಗಾರಿನಿಂದ ವಸಂತದವರೆಗೆ ಮರಿಗಳ ಮೇವು. ಅದಕ್ಕೇ ಗಿಡ ಸತ್ತದ್ದು ಚಳಿಯಿಂದ ಎಂದು ಎಲ್ಲರೂ ತಿಳಿಯುವುದು. ಮೆತ್ತನೆಯ ಕಾಂಪೋಸ್ಟ್ ಮತ್ತು ಪೀಟ್ ಎಂದರೆ ಅವಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಹಾಗಾಗಿ ನಿಮ್ಮ ಎರಡು ಸಾವಿಗೂ ಮೂಲ ಒಂದೇ ಬೊಗಸೆ ಎನ್ನಬಹುದು, ಬೇಸರಿಸಬೇಡಿ.

ಬೇಸಿಗೆಯ ರಾತ್ರಿ ಟಾರ್ಚ್ ಹಿಡಿದು ಹೋಗಿ. ಎಲೆಯ ಅಂಚಿನಲ್ಲಿ ಟಿಕೆಟ್ ಕತ್ತರಿಸಿದಂಥ ಕಚ್ಚುಗಳಿದ್ದರೆ ತಾಯಿಹುಳು ಅಲ್ಲೇ ಇರುತ್ತದೆ. ಬೆಳಕು ಬಿದ್ದರೆ ಕೈಬಿಟ್ಟು ಕೆಳಗೆ ಬೀಳುತ್ತದೆ, ಆದ್ದರಿಂದ ಗಿಡದಡಿ ಬಿಳಿ ಕಾಗದ ಹಾಸಿ ಅಲುಗಾಡಿಸಿ. ಬೇಸಿಗೆ ಮುಗಿದು ಮಣ್ಣು ಇನ್ನೂ ಬೆಚ್ಚಗಿರುವಾಗ ನೆಮಟೋಡ್ ಎಂಬ ಸೂಕ್ಷ್ಮ ಜಂತುಗಳನ್ನು ನೀರಿನಲ್ಲಿ ಬೆರೆಸಿ ಹಾಕುವ ಉಪಾಯವೂ ಇದೆ. ಹಾಕುವ ಮುಂಚೆ ಮತ್ತು ಆಮೇಲೆ ಎರಡು ವಾರ ಮಣ್ಣು ತೇವವಾಗಿರಬೇಕು, ಇಲ್ಲವಾದರೆ ಹಾಕಿದ್ದು ವ್ಯರ್ಥ.

ಖಾಲಿ ಜಾಗಕ್ಕೆ ಪಿಲ್ಝೋವಿಯಾನಂ ಎಂಬ ಜೆರೇನಿಯಂ ನೆಡಿ. ಗಿಡ್ಡ, ಗುಲಾಬಿ ಹೂವು, ಏನು ಮಾಡಿದರೂ ಸಾಯುವುದಿಲ್ಲ.

ಬೀಜಪೆಟ್ಟಿಗೆ:

ಎರೆಹುಳು ಅವರೇ, ಸಾಯದಿರುವುದೇ ಅದರ ದೋಷ. ಪಿಲ್ಝೋವಿಯಾನಂ ಮಣ್ಣಿನಡಿಯಲ್ಲಿ ದಾರದಷ್ಟು ತೆಳು ಕಾಂಡ ಬಿಟ್ಟು ಅದರಲ್ಲಿ ಮಣಿಸರದಂತೆ ಸಣ್ಣ ಸಣ್ಣ ಗೆಡ್ಡೆ ಪೋಣಿಸುತ್ತದೆ. ಕೀಳಲು ಹೋದರೆ ದಾರ ತುಂಡಾಗುತ್ತದೆ, ಮಣಿಗಳು ಅಲ್ಲೇ ಉಳಿಯುತ್ತವೆ, ಒಂದೊಂದು ಮಣಿಯೂ ಒಂದೊಂದು ಗಿಡ. ನನ್ನ ಕಲ್ಲುತೋಟದ ಒಂದು ಮೂಲೆಯನ್ನು ಆರು ವರ್ಷದಿಂದ ಜರಡಿ ಹಿಡಿಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಕಲ್ಲಿನ ತೊಟ್ಟಿಯಲ್ಲಿ ಒಂಟಿಯಾಗಿ ಕೂಡಿಹಾಕಿದರೆ ಚೆಂದ. ಸಾಂಗ್ವಿನಿಯಂನಿಂದ ನರಳುತ್ತಿರುವವರಿಗೆ ಇದನ್ನು ಹೇಳಬೇಡಿ.

ಎರೆಹುಳು:

ಮಾತು ಹಿಂತೆಗೆದುಕೊಂಡೆ. ನನ್ನದು ತೊಟ್ಟಿಯಲ್ಲೇ ಇರುವುದು, ಅದು ಹೊಳೆಯಲಿಲ್ಲ.

ಹಳೆಗುದ್ದಲಿ:

ಕಲ್ಲುಸಂದಿಯವರೇ, ಕುಂಡದ ಆಕಾರದ ಉಂಡೆ ಎಂದು ಬರೆದಿರಲ್ಲ, ಅದನ್ನೇ ನಾನು ಹೇಳಬೇಕೆಂದಿದ್ದೆ, ನೀವೇ ಕಂಡುಕೊಂಡಿರಿ. ಕಲ್ಲುತೋಟದ ಗಿಡಗಳು ಸಾಯುವುದರಲ್ಲಿ ಇದರ ಪಾಲು ದೊಡ್ಡದು. ಪೀಟ್ ಒದ್ದೆಯಾದರೆ ನೀರು ಬಿಡದು, ಒಮ್ಮೆ ಪೂರ್ತಿ ಒಣಗಿದರೆ ನೀರು ಹೀರದು. ಸುತ್ತಲೂ ಎಷ್ಟೇ ಒಳ್ಳೆಯ ಜಲ್ಲಿಮಣ್ಣು ಮಾಡಿದರೂ ಬೇರು ಆ ಉಂಡೆಯಿಂದ ಹೊರಬರದಿದ್ದರೆ ಗಿಡದ ಪಾಲಿಗೆ ನಿಮ್ಮ ಕಲ್ಲುತೋಟ ಇಲ್ಲವೇ ಇಲ್ಲ.

ನಾನು ಮಾಡುವುದು ಹೀಗೆ. ವಸಂತದಲ್ಲಿ ಎಲೆ ಮೊಳೆಯುವ ಹೊತ್ತಿಗೆ ಗಿಡವನ್ನು ಕುಂಡದಿಂದ ಕಳಚಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುತ್ತೇನೆ. ಆಮೇಲೆ ಬೆರಳಿನಿಂದ ಮೆಲ್ಲಗೆ ಪೀಟ್ ಬಿಡಿಸುತ್ತೇನೆ. ಬೇರು ಕೂದಲಿನಂತೆ ಇಳಿಬೀಳುವವರೆಗೆ ಬಿಡುವುದಿಲ್ಲ. ಹೊಸಬರಿಗೆ ಇದು ಕ್ರೌರ್ಯ ಎನಿಸುತ್ತದೆ, ಗಿಡವೂ ಒಂದು ವಾರ ಮುಖ ಬಾಡಿಸಿಕೊಂಡು ಕೂರುತ್ತದೆ. ನೆರಳು ಮಾಡಿ, ನೀರು ತಪ್ಪಿಸದಿದ್ದರೆ ಚೇತರಿಸಿಕೊಳ್ಳುತ್ತದೆ. ಬೇರನ್ನು ಕಲ್ಲಿನ ಹಿಂಬದಿಗೆ, ಆಳಕ್ಕೆ ಹರಡಿ ಇಳಿಸಿ. ಮಣ್ಣು ಕಟ್ಟುವಾಗ ಬುಡದ ಕುತ್ತಿಗೆ ಮಣ್ಣಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿರಲಿ. ಆ ಎರಡು ಬೆರಳಿನ ಜಾಗಕ್ಕೆ ಬರಿಯ ಸಣ್ಣ ಜಲ್ಲಿ, ಎಲೆಗುಚ್ಛವನ್ನು ಎತ್ತಿ ಹಿಡಿದು ಕೆಳಗೆ ಪೂರ್ತಿ ತುಂಬಿ. ಮೇಲೆ ಬಿದ್ದ ನೀರು ಕುತ್ತಿಗೆಯ ಬಳಿ ಒಂದು ಕ್ಷಣವೂ ನಿಲ್ಲಬಾರದು.

ಮಣ್ಣು: ಸಾದಾ ತೋಟದ ಮಣ್ಣು ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಎರಡರಿಂದ ಆರು ಮಿಲಿಮೀಟರ್ ಜಲ್ಲಿ ಒಂದು ಪಾಲು. ನಿಮ್ಮ ಮಣ್ಣು ಜೇಡಿಯಾದರೆ ಜಲ್ಲಿ ಎರಡು ಪಾಲು. ಕಟ್ಟಡದ ನಯ ಮರಳು ಬೇಡ, ಅದು ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಸುಣ್ಣದ ಅಂಶಕ್ಕೆ ಇವು ಬೇಸರಪಡುವುದಿಲ್ಲ. ಗೊಬ್ಬರ ಬೇಡ. ಹೌದು, ಹಿಂಗಾರಿನಲ್ಲೂ ಬೇಡ.

ಇಳಿಜಾರಿನ ಬುಡದಲ್ಲಿ ಬ್ಯಾಲೆರಿನಾ ಮತ್ತೆ ಇಡಬೇಡಿ. ಮೇಲಿನ ನೀರೆಲ್ಲ ಅಲ್ಲಿ ಬಂದು ಸೇರುತ್ತದೆ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಮರುದಿನವೂ ಕೆಸರಾಗಿದ್ದರೆ ಅಲ್ಲಿ ಬಿಯೊಕೊವೊ ಸಾಕು. ಇದು ಕ್ರೊಯೇಷಿಯಾದ ಬಿಯೊಕೊವೊ ಬೆಟ್ಟಗಳಲ್ಲಿ ಸಿಕ್ಕಿದ್ದು, ಮ್ಯಾಕ್ರೋರೈಝಂ ಮತ್ತು ನಿಮ್ಮ ಡಾಲ್ಮಾಟಿಕಂಗಳ ಸಹಜ ಬೆರಕೆ. ಬಿಳಿ ಹೂವು, ನಡುವೆ ಗುಲಾಬಿ ಛಾಯೆ, ಬೀಜ ಕಟ್ಟುವುದಿಲ್ಲವಾದ್ದರಿಂದ ಮೊಳಕೆಗಳ ಕಾಟವಿಲ್ಲ. ಎತ್ತರ ಗೇಣಿಗಿಂತ ಸ್ವಲ್ಪ ಹೆಚ್ಚು. ಹರಡುತ್ತದೆ, ಆದರೆ ಮೇಲ್ಮೈಯಲ್ಲೇ ಹರಡುವುದರಿಂದ ಕೈಯಲ್ಲಿ ಕೀಳಬಹುದು.

ಡಾಲ್ಮಾಟಿಕಂ ಹೂವು ಬಿಡದಿರುವುದಕ್ಕೆ ಮೂರು ಅನುಮಾನ: ನೆರಳು, ಹೆಚ್ಚಿನ ಗೊಬ್ಬರ, ಹಳೆಯ ಬುಡದ ಇಕ್ಕಟ್ಟು. ವಸಂತದಲ್ಲಿ ಎತ್ತಿ, ಮಧ್ಯದ ಬರಡು ಕಾಂಡಗಳನ್ನು ಎಸೆದು, ಅಂಚಿನ ಬೇರುಕಾಂಡಗಳನ್ನು ಬೆರಳುದ್ದದ ತುಂಡು ಮಾಡಿ ಬಿಸಿಲಿನ ಸಂದಿಗಳಲ್ಲಿ ಮಲಗಿಸಿ ನೆಡಿ. ಹತ್ತು-ಹದಿನೈದು ಸೆಂಟಿಮೀಟರ್ ಗಿಡ, ಹಿಂಗಾರಿನಲ್ಲಿ ಎಲೆಯ ಅಂಚು ಕೆಂಪೇರುತ್ತದೆ. ಇಷ್ಟು ಒಳ್ಳೆಯ ಗಿಡವನ್ನು ನೀವು ಒಂದೇ ತಂದದ್ದು, ಬ್ಯಾಲೆರಿನಾ ಮೂರು ತಂದದ್ದು! ನಾನಾಗಿದ್ದರೆ ಉಲ್ಟಾ ಮಾಡುತ್ತಿದ್ದೆ.

ಸಾಂಗ್ವಿನಿಯಂ ಇಡೀ ಹೊರಗೆ.

ಬೀಜಪೆಟ್ಟಿಗೆ:

ಕೊನೆಯ ಸಾಲಿಗೆ ನನ್ನ ತಕರಾರಿದೆ. ಸಾಂಗ್ವಿನಿಯಂ ಎಂದರೆ ಒಂದೇ ಗಿಡವಲ್ಲ. ಕಲ್ಲುಸಂದಿಯವರ ಮೊಣಕಾಲೆತ್ತರದ ದೈತ್ಯ ಹೊರಗೆ ಹೋಗಲಿ, ಒಪ್ಪಿದೆ. ಆದರೆ ಸ್ಟ್ರೈಯೇಟಂ ಎಂಬ ಬಗೆಯಿದೆ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಾಲ್ನಿ ದ್ವೀಪದ್ದು, ಸಮುದ್ರದ ಗಾಳಿಗೆ ನೆಲಕ್ಕೆ ಒತ್ತಿಕೊಂಡು ಬೆಳೆದದ್ದು. ಮಸುಕು ಗುಲಾಬಿ ದಳ, ಗಾಢ ಗೆರೆ. ನನ್ನಲ್ಲಿ ಹದಿನೈದು ಸೆಂಟಿಮೀಟರ್ ದಾಟಿಲ್ಲ. ಬೇಸಿಗೆ ಪೂರ್ತಿ ಬಿಟ್ಟೂ ಬಿಟ್ಟೂ ಹೂವು. ಕೊಳೆಯೂ ಇಲ್ಲ, ರಂಪವೂ ಇಲ್ಲ. ಬೀಜದಿಂದ ಹುಟ್ಟಿದ ಮರಿಗಳು ಎತ್ತರ ಬೆಳೆಯಬಹುದು, ಆದ್ದರಿಂದ ಬುಡ ಒಡೆದು ಮಾಡಿದ ಗಿಡವನ್ನೇ ಕೇಳಿ ತನ್ನಿ.

ದೈತ್ಯನನ್ನು ತೆಗೆಯುವಾಗ ಬೇರಿನ ತುಂಡು ಬಿಡಬೇಡಿ. ಇದನ್ನು ಬೇರಿನ ತುಂಡಿನಿಂದಲೇ ಮರಿ ಮಾಡುವವರಿದ್ದಾರೆ ಎಂದ ಮೇಲೆ ನೀವೇ ಊಹಿಸಿ. ಎರಡು ಕಲ್ಲು ಎತ್ತಬೇಕಾದರೂ ಎತ್ತಿ.

ಬ್ಯಾಲೆರಿನಾ ಒಂದು ಉಳಿದಿದೆ ಎಂದಿರಿ. ಅದು ಸಾಯುವ ಮೊದಲೇ ಮರಿ ಮಾಡಿಕೊಳ್ಳಿ. ಬೇಸಿಗೆಯ ಕೊನೆಯಲ್ಲಿ ಬುಡದಿಂದ ಒಂದು ಸಣ್ಣ ಎಲೆಗುಚ್ಛವನ್ನು ಕಂದು ಕಾಂಡದ ಚೂರಿನ ಸಮೇತ ಕತ್ತರಿಸಿ, ಕೆಳಗಿನ ಎಲೆ ಸುಲಿದು, ದಪ್ಪ ಮರಳಿನಲ್ಲಿ ನೆಡಿ. ಕೆಲವು ವಾರಗಳಲ್ಲಿ ಬೇರು. ಬೀಜದಿಂದ ಬಂದರೆ ಬ್ಯಾಲೆರಿನಾ ಬ್ಯಾಲೆರಿನಾ ಆಗಿರುವುದಿಲ್ಲ.

ಹಳೆಗುದ್ದಲಿ:

ಸ್ಟ್ರೈಯೇಟಂ ವಿಚಾರದಲ್ಲಿ ಸೋತೆ. ನನ್ನ ಬಾಗಿಲ ಮುಂದೆಯೇ ಅದು ಹದಿನಾಲ್ಕು ವರ್ಷದಿಂದ ಇದೆ, ಅದನ್ನು ಸಾಂಗ್ವಿನಿಯಂ ಎಂದು ನಾನು ಯೋಚಿಸುವುದೇ ಇಲ್ಲ.

ಇನ್ನೊಂದು ಮಾತು, ಬೆಳ್ಳಿ ಎಲೆಯ ಅರ್ಜೆಂಟಿಯಂ ಕಂಡರೆ ಆಸೆಪಡಬೇಡಿ. ಅದರ ಎಲೆಯ ರೇಷ್ಮೆಕೂದಲು ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಮೇಲೆ ಗಾಜಿನ ಹಲಗೆ ಕಟ್ಟುವಷ್ಟು ತಾಳ್ಮೆ ಇದ್ದವರಿಗೆ ಮಾತ್ರ. ಕಟ್ಟುವುದಾದರೆ ನಾಲ್ಕೂ ಕಡೆ ಗಾಳಿಯಾಡಲಿ. ಮೇಲಿನ ಮಳೆ ತಡೆಯುವುದಷ್ಟೇ ಕೆಲಸ, ಬೆಚ್ಚಗಿಡುವುದಲ್ಲ.

ಕಲ್ಲುಸಂದಿ:

ಒಂದು ವರ್ಷ ದಾಟಿತು, ವರದಿ ಒಪ್ಪಿಸಬೇಕಲ್ಲ.

ದೈತ್ಯನನ್ನು ತೆಗೆಯಲು ಎರಡಲ್ಲ, ಐದು ಕಲ್ಲು ಎತ್ತಬೇಕಾಯಿತು. ಸೊಂಟ ಮತ್ತೆ ಎರಡು ವಾರ. ಆ ಸಂದಿಗಳಲ್ಲಿ ಈ ವಸಂತದಲ್ಲೂ ಮೂರು ಕಡೆ ಎಲೆ ಇಣುಕಿತು, ಕಿತ್ತೆ. ಡಾಲ್ಮಾಟಿಕಂ ಒಡೆದು ಹನ್ನೊಂದು ತುಂಡು ನೆಟ್ಟದ್ದರಲ್ಲಿ ಒಂಬತ್ತು ಹಿಡಿದಿವೆ. ಮೇಲಿನ ಬಿಸಿಲಿನಲ್ಲಿರುವ ನಾಲ್ಕು ಎಲೆ ಕಾಣದಷ್ಟು ಹೂವು ಬಿಟ್ಟವು. ಬುಡದಲ್ಲಿ ಬಿಯೊಕೊವೊ, ಏನೂ ದೂರಿಲ್ಲ. ಬ್ಯಾಲೆರಿನಾದ ನಾಲ್ಕು ತುಂಡುಗಳಲ್ಲಿ ಎರಡು ಬೇರು ಬಿಟ್ಟವು. ಕುತ್ತಿಗೆಗೆ ಜಲ್ಲಿ ತುಂಬಿ ಕೂರಿಸಿದ್ದೇನೆ. ಚಳಿಗಾಲ ಕಳೆದಿದೆ, ಎರಡೂ ಗಟ್ಟಿಯಾಗಿವೆ. ಬೇಸಿಗೆಯ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಕಾಗದ ಹಾಸಿ ಒಟ್ಟು ಇಪ್ಪತ್ಮೂರು ಮೂತಿಹುಳು ಹಿಡಿದೆ. ಪಕ್ಕದ ಮನೆಯವರು ಏನೆಂದುಕೊಂಡರೋ ಕೇಳಿಲ್ಲ.

ದೈತ್ಯನನ್ನು ಕೀಳುವ ಮೊದಲು ಅದರ ಒಂದು ಕಡ್ಡಿಯನ್ನು, ಕೊಕ್ಕು ಕಂದಾಗುತ್ತಿದ್ದ ಕಾಯಿಯ ಸಮೇತ, ಮುರಿದು ಮೇಜಿನ ಮೇಲೆ ಒಂದು ತಟ್ಟೆಯಲ್ಲಿಟ್ಟಿದ್ದೆ. ಮರುದಿನ ಮಧ್ಯಾಹ್ನ ಓದುತ್ತಾ ಕೂತಿದ್ದಾಗ ‘ಟಿಕ್’ ಎಂದು ಸದ್ದಾಯಿತು. ಏನೋ ಕಿಟಕಿ ಗಾಜಿಗೆ ಬಡಿಯಿತು. ತಟ್ಟೆಯಲ್ಲಿ ನೋಡಿದರೆ ಕೊಕ್ಕು ಬುಡದಿಂದ ಸೀಳಿ, ಐದು ಪಟ್ಟಿಗಳು ಮೇಲಕ್ಕೆ ಸುರುಳಿ ಸುತ್ತಿಕೊಂಡು ಛತ್ರಿಯ ಕಡ್ಡಿಗಳ ಹಾಗೆ ನಿಂತಿವೆ, ಕವಣೆ ಬೀಸಿ ಮುಗಿಸಿದ ಕೈಗಳಂತೆ. ಒಂದು ಬೀಜ ಕಿಟಕಿಯ ಕೆಳಗೆ ಸಿಕ್ಕಿತು, ಎರಡು ಕಪಾಟಿನಡಿಯಲ್ಲಿ, ಒಂದು ನನ್ನ ಚಪ್ಪಲಿಯೊಳಗೆ. ಐದನೆಯದು ಇನ್ನೂ ಸಿಕ್ಕಿಲ್ಲ.